ಸಂಬಳದಲ್ಲೇ ಹಿಡಿದ ತೆರಿಗೆಯನ್ನು ಮತ್ತೆ ಕಟ್ಟಿ ಎಂದಾಗ

2023ರ ನವೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಒಂದು ಈಮೇಲ್ ಬಂತು. 2022-23ನೇ ಸಾಲಿಗೆ 21,220 ರೂಪಾಯಿ ಬಾಕಿ ಇದೆ, 30 ದಿನದೊಳಗೆ ಕಟ್ಟಿ ಎಂದಿತ್ತು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನಗೆ ಸಂಬಳ ಬಿಟ್ಟರೆ ಬೇರೆ ಆದಾಯ ಇಲ್ಲ. ಆ ಸಂಬಳವೂ ಕೈಗೆ ಬರುವ ಮೊದಲೇ ತೆರಿಗೆ ಹಿಡಿದುಕೊಂಡಿರುತ್ತಾರೆ. ಹಾಗಿರುವಾಗ ಬಾಕಿ ಎಲ್ಲಿಂದ ಬಂತು?

ಈಮೇಲ್ ಜೊತೆ ಒಂದು ಪಿಡಿಎಫ್ ಇತ್ತು. ಅದಕ್ಕೆ ಪಾಸ್‌ವರ್ಡ್ ನಮ್ಮ ಪ್ಯಾನ್ ಸಂಖ್ಯೆ ಸಣ್ಣ ಅಕ್ಷರದಲ್ಲಿ, ಅದರ ಹಿಂದೆಯೇ ಹುಟ್ಟಿದ ದಿನಾಂಕ. ಇದನ್ನು 143(1) ಇಂಟಿಮೇಶನ್ ಅಂತಾರೆ. ಒಳಗೆ ಎರಡು ಕಾಲಂ ಇರುತ್ತವೆ. ಒಂದರಲ್ಲಿ ನಾವು ರಿಟರ್ನ್‌ನಲ್ಲಿ ಹೇಳಿದ ಲೆಕ್ಕ, ಪಕ್ಕದಲ್ಲಿ ಇಲಾಖೆ ಹಾಕಿದ ಲೆಕ್ಕ. ನಾನು ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಒಟ್ಟು ಸಂಬಳ 8,60,000, ಎರಡೂ ಕಡೆ ಅದೇ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, ಎಂಬತ್ತು ಸಿ ಅಡಿ ಉಳಿತಾಯಕ್ಕೆ 1,50,000, ಎಲ್ಲಾ ಒಂದೇ. ತೆರಿಗೆ 45,780, ಅದೂ ಒಂದೇ. ಕೊನೆಯ ಪುಟದಲ್ಲಿ ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿದ ತೆರಿಗೆಯ ಸಾಲಿಗೆ ಬಂದಾಗ ವ್ಯತ್ಯಾಸ ಸಿಕ್ಕಿತು. ನಾನು 45,780 ಹಿಡಿದಿದ್ದಾರೆ ಎಂದಿದ್ದೆ. ಇಲಾಖೆಯ ಕಾಲಂನಲ್ಲಿ 27,000 ಇತ್ತು.

ಅಂದರೆ 18,780 ಕಾಣೆ. ಅದರ ಮೇಲೆ ಬಡ್ಡಿ ಬೇರೆ. 234ಬಿ ಅಡಿ 1,496, 234ಸಿ ಅಡಿ 943. ಇವೆರಡೂ ಮುಂಗಡ ತೆರಿಗೆ ಕಟ್ಟದವರಿಗೆ ಹಾಕುವ ಬಡ್ಡಿ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ತಿಂಗಳು ತಿಂಗಳು ಸಂಬಳದಲ್ಲೇ ಕಡಿತ ಆಗುವವಳು ಮುಂಗಡ ತೆರಿಗೆ ಯಾಕೆ ಕಟ್ಟಬೇಕು? ಆದರೆ ಲೆಕ್ಕ ಹಾಕುವ ಯಂತ್ರಕ್ಕೆ 18,780 ಬಂದಿಲ್ಲ ಅಂತ ಅನಿಸಿದ ಮೇಲೆ, ಆ ಬಾಕಿ 10,000 ದಾಟಿತ್ತಲ್ಲ, ಬಡ್ಡಿ ತಾನಾಗೇ ಸೇರಿಕೊಂಡಿತ್ತು.

ಸ್ಟಾಫ್ ರೂಮಿನಲ್ಲಿ ಹೇಳಿದೆ. ಒಬ್ಬೊಬ್ಬರದು ಒಂದೊಂದು ಸಲಹೆ. "ಕಟ್ಟಿಬಿಡಿ ಮೇಡಂ, ಇನ್‌ಕಮ್ ಟ್ಯಾಕ್ಸ್‌ನವರ ಹತ್ತಿರ ಯಾಕೆ ಜಗಳ" ಅಂದರು ಹಿರಿಯರೊಬ್ಬರು. "ಸುಮ್ನೆ ಬಿಡಿ, ಏನೂ ಮಾಡಲ್ಲ" ಅಂದರು ಇನ್ನೊಬ್ಬರು. ಎರಡೂ ನನಗೆ ಸರಿ ಅನ್ನಿಸಲಿಲ್ಲ. ಸುಮ್ಮನಿದ್ದರೆ 220(2) ಪ್ರಕಾರ ತಿಂಗಳಿಗೆ ಶೇ. 1 ಬಡ್ಡಿ ಓಡುತ್ತದೆ. ನನ್ನ ಲೆಕ್ಕಕ್ಕೆ ತಿಂಗಳಿಗೆ 212 ರೂಪಾಯಿ. ಮುಂದೆ ಯಾವ ವರ್ಷ ರಿಫಂಡ್ ಬರುವುದಿದ್ದರೂ ಅದನ್ನು ಹಿಡಿದುಕೊಳ್ಳುತ್ತಾರೆ. ಕಟ್ಟಿಬಿಟ್ಟರೆ? ಆಗ ಅದೇ ಹಣವನ್ನು ಎರಡು ಸಲ ಕೊಟ್ಟಂತೆ. ಆಮೇಲೆ ದಾಖಲೆ ಸರಿಯಾದರೆ ವಾಪಸ್ ಪಡೆಯಬಹುದು, ನಿಜ. ಆದರೆ ಕಟ್ಟಿದ ಮೇಲೆ ನಮ್ಮ ಕಡತ ಮುಟ್ಟುವ ಆತುರ ಯಾರಿಗೂ ಇರುವುದಿಲ್ಲ, ನಮಗೂ ಇರುವುದಿಲ್ಲ. ಮೊತ್ತ ಸಾವಿರ, ಎರಡು ಸಾವಿರ ಇದ್ದಿದ್ದರೆ ನಾನೂ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದೆನೋ ಏನೋ. ಅದನ್ನು ತಪ್ಪು ಅಂತಲೂ ಹೇಳಲಾರೆ.

ಮೊದಲು ನೋಡಬೇಕಾದದ್ದು ಫಾರಂ 26ಎಎಸ್. ಆದಾಯ ತೆರಿಗೆಯ ಪೋರ್ಟಲ್‌ಗೆ ಲಾಗಿನ್ ಆಗಿ ಅಲ್ಲಿಂದ ಟ್ರೇಸಸ್ ಎಂಬ ಇನ್ನೊಂದು ತಾಣಕ್ಕೆ ಹೋದರೆ ಸಿಗುತ್ತದೆ. ನಮ್ಮ ಪ್ಯಾನ್ ಹೆಸರಿನಲ್ಲಿ ಯಾರು ಯಾರು ಎಷ್ಟು ತೆರಿಗೆ ಹಿಡಿದು ತೋರಿಸಿದ್ದಾರೆ ಎಂಬ ಪಟ್ಟಿ ಅದು. ನನ್ನ ಪಟ್ಟಿಯಲ್ಲಿ ನಮಗೆ ಸಂಬಳ ಮಾಡುವ ತಾಲ್ಲೂಕು ಕಚೇರಿಯ ಟ್ಯಾನ್ (ತೆರಿಗೆ ಹಿಡಿಯುವವರ ಗುರುತಿನ) ಸಂಖ್ಯೆ ಇತ್ತು. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 3,000ದಂತೆ ಒಂಬತ್ತು ನಮೂದು ಇದ್ದವು. ಜನವರಿಯಿಂದ ಮಾರ್ಚ್‌ವರೆಗೆ ಏನೂ ಇಲ್ಲ. ಖಾಲಿ.

ಕೊನೆಯ ಮೂರು ತಿಂಗಳಲ್ಲೇ ಜಾಸ್ತಿ ಹಿಡಿಯುವುದು ನಮ್ಮಲ್ಲಿ ರೂಢಿ. ವರ್ಷದ ಕೊನೆಗೆ ಉಳಿತಾಯದ ರಸೀದಿಗಳನ್ನೆಲ್ಲ ಕೊಟ್ಟಮೇಲೆ ಪೂರ್ತಿ ಲೆಕ್ಕ ಹಾಕಿ ಬಾಕಿಯೆಲ್ಲ ಹಿಡಿಯುತ್ತಾರೆ. ನನ್ನ 18,780 ಹಾಗೆ ಹೋಗಿದ್ದು. ಪೇ ಸ್ಲಿಪ್‌ನಲ್ಲಿ ಇದೆ. ಕಚೇರಿಯವರು ಸೀಲು ಹಾಕಿ ಕೊಟ್ಟ ಫಾರಂ 16ರಲ್ಲೂ 45,780 ಅಂತ ಇದೆ. ಆದರೆ ಆ ಫಾರಂ 16 ಕಚೇರಿಯಲ್ಲಿ ಟೈಪ್ ಮಾಡಿದ್ದು. ಅದರ ಎ ಭಾಗವನ್ನು ಟ್ರೇಸಸ್‌ನಿಂದಲೇ ಇಳಿಸಿ ಕೊಡಬೇಕು ಎಂಬುದು ನಿಯಮ. ಎಷ್ಟೋ ಸರ್ಕಾರಿ ಕಚೇರಿಗಳಲ್ಲಿ ಇವತ್ತಿಗೂ ಟೈಪ್ ಮಾಡಿದ್ದನ್ನೇ ಕೊಡುತ್ತಾರೆ.

ಕಚೇರಿಗೆ ಹೋದೆ. ನಮ್ಮ ಸಂಬಳದ ಕೇಸ್ ವರ್ಕರ್ ಒಳ್ಳೆಯ ಮನುಷ್ಯ, ಆದರೆ ನೂರಾರು ಶಿಕ್ಷಕರ ಸಂಬಳ, ರಜೆ, ಬಡ್ತಿ, ಬಾಕಿ ಎಲ್ಲಾ ಅವರೊಬ್ಬರ ಮೇಜಿನ ಮೇಲೆ. "ನಮ್ ಕಡೆ ಎಲ್ಲಾ ಸರಿಯಾಗಿದೆ ಮೇಡಂ. ನೋಡಿ ಬೇಕಾದ್ರೆ" ಅಂತ ಸಂಬಳದ ಬಿಲ್ಲು ಮಾಡುವ ಎಚ್‌ಆರ್‌ಎಂಎಸ್ ತಂತ್ರಾಂಶ ತೆರೆದು ಫೆಬ್ರವರಿ ಬಿಲ್ಲು ತೋರಿಸಿದರು. ನನ್ನ ಕೆಜಿಐಡಿ ಸಂಖ್ಯೆಯ (ಒಬ್ಬೊಬ್ಬ ಸರ್ಕಾರಿ ನೌಕರರಿಗೂ ಬೇರೆ ಬೇರೆ ಇರುವ ಸಂಖ್ಯೆ) ಎದುರು ಆದಾಯ ತೆರಿಗೆ ಕಡಿತ ಸರಿಯಾಗೇ ಇತ್ತು. ಬಿಲ್ಲು ಖಜಾನೆಗೆ ಹೋಗಿದೆ, ಪಾಸಾಗಿದೆ. "ದುಡ್ಡು ಸರ್ಕಾರಕ್ಕೆ ಹೋಗಿದೆ. ತಪ್ಪು ಇನ್‌ಕಮ್ ಟ್ಯಾಕ್ಸ್‌ನವರದ್ದೇ" ಅಂದರು.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ನನಗೂ ಅದು ನಿಧಾನವಾಗಿ ಅರ್ಥವಾಗಿದ್ದು. ತೆರಿಗೆ ಹಣ ಸರ್ಕಾರಕ್ಕೆ ಹೋಗುವುದು ಒಂದು, ಆ ಹಣ ಯಾರದ್ದು ಅಂತ ಹೇಳುವುದು ಇನ್ನೊಂದು. ಸರ್ಕಾರಿ ಕಚೇರಿಯಲ್ಲಿ ಚಲನ್ ಕಟ್ಟುವುದಿಲ್ಲ. ಖಜಾನೆಯ ಪುಸ್ತಕದಲ್ಲೇ ವರ್ಗಾವಣೆಯಾಗುತ್ತದೆ. ಖಜಾನೆಯವರು ತಿಂಗಳಿಗೊಮ್ಮೆ 24ಜಿ ಎಂಬ ವಿವರ ಸಲ್ಲಿಸುತ್ತಾರೆ. ಅದಕ್ಕೊಂದು ಬಿಐಎನ್ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಹಿಡಿದುಕೊಂಡು ನಮ್ಮ ಕಚೇರಿ ಮೂರು ತಿಂಗಳಿಗೊಮ್ಮೆ 24ಕ್ಯೂ ಎಂಬ ಸ್ಟೇಟ್‌ಮೆಂಟ್ ಹಾಕಬೇಕು. ಈ ಒಟ್ಟು ಮೊತ್ತದಲ್ಲಿ ಇಂಥ ಪ್ಯಾನ್‌ನವರದ್ದು ಇಷ್ಟು, ಅಂಥ ಪ್ಯಾನ್‌ನವರದ್ದು ಅಷ್ಟು ಅಂತ ಒಬ್ಬೊಬ್ಬರದೂ ಒಂದೊಂದು ಸಾಲು. ಅದು ಗಾಜಿಯಾಬಾದ್‌ನ ವೈಶಾಲಿಯಲ್ಲಿರುವ ಟಿಡಿಎಸ್ ಕೇಂದ್ರದಲ್ಲಿ ಪ್ರಕ್ರಿಯೆಯಾಗಿ ನಮ್ಮ 26ಎಎಸ್‌ಗೆ ಬಂದು ಕೂರುತ್ತದೆ. ರಿಟರ್ನ್‌ಗಳ ಲೆಕ್ಕ ನೋಡುವ ಇಲಾಖೆಯ ಬೆಂಗಳೂರಿನ ಕೇಂದ್ರ, ಸಿಪಿಸಿ, ನಮ್ಮ ರಿಟರ್ನ್ ನೋಡುವಾಗ ಅದರ ಜೊತೆ ಹೋಲಿಸುತ್ತದೆ. ಅಷ್ಟೇ. ನನ್ನ ಪೇ ಸ್ಲಿಪ್ ಅನ್ನಾಗಲಿ ಖಜಾನೆಯ ಬಿಲ್ಲನ್ನಾಗಲಿ ಸಿಪಿಸಿ ನೋಡುವುದೇ ಇಲ್ಲ.

ಹಾಗಾಗಿ ನಾನು ಕೇಸ್ ವರ್ಕರ್ ಹತ್ತಿರ ಕೇಳಿದ್ದು ಒಂದೇ. "ಸರ್, ನಾಲ್ಕನೇ ತ್ರೈಮಾಸಿಕದ 24ಕ್ಯೂನಲ್ಲಿ ನನ್ನ ಸಾಲು ತೋರಿಸಿ."

ಅದು ಅವರ ಹತ್ತಿರ ಇರಲಿಲ್ಲ. 24ಕ್ಯೂ ಹಾಕುವುದು ಜಿಲ್ಲಾ ಕೇಂದ್ರದಲ್ಲಿರುವ ಒಬ್ಬ ಆಡಿಟರ್. ಇವರು ಎಕ್ಸೆಲ್ ಕಳಿಸುತ್ತಾರೆ, ಅವರು ಸಾಫ್ಟ್‌ವೇರ್‌ಗೆ ಹಾಕಿ ಅಪ್‌ಲೋಡ್ ಮಾಡುತ್ತಾರೆ. ಫೋನ್ ಮಾಡಿದರು. ಆಡಿಟರ್ ಆಫೀಸಿನ ಹುಡುಗ ಸಂಜೆ ವಾಟ್ಸಾಪ್‌ನಲ್ಲಿ ಕಳಿಸಿದ ಎಕ್ಸೆಲ್ ಅನ್ನು ಮಾರನೇ ದಿನ ನಾವಿಬ್ಬರೂ ಕೂತು ನೋಡಿದೆವು. ನನ್ನ ಹೆಸರು ಇತ್ತು. 18,780 ಇತ್ತು. ಪ್ಯಾನ್ ಮಾತ್ರ ನನ್ನದಲ್ಲ.

ಆ ಪ್ಯಾನ್ ಯಾರದ್ದು? ನಾಲ್ಕು ಸಾಲು ಮೇಲೆ ಅದೇ ಹೆಸರು, ಅದೇ ಇನಿಷಿಯಲ್ ಇನ್ನೊಂದು ಸಲ ಇತ್ತು. ಅದರ ಎದುರೂ ಅದೇ ಪ್ಯಾನ್. ನಮ್ಮ ತಾಲ್ಲೂಕಿನಲ್ಲಿ ನನ್ನ ಹೆಸರಿನ ಇನ್ನೊಬ್ಬ ಶಿಕ್ಷಕಿ ಇದ್ದಾರೆ, ಬೇರೆ ಕ್ಲಸ್ಟರ್. ತರಬೇತಿಯ ಆದೇಶ, ಚುನಾವಣೆ ಡ್ಯೂಟಿಯ ಪತ್ರ ಎಲ್ಲಾ ಮೊದಲಿಂದಲೂ ಅದಲುಬದಲಾಗುತ್ತಿತ್ತು. ಈಗ ತೆರಿಗೆಯೂ.

ಇದು ಹೇಗಾಯಿತು ಅಂತ ಆ ಹುಡುಗನೇ ಹೇಳಿದ. ಮೊದಲ ಮೂರು ತ್ರೈಮಾಸಿಕಕ್ಕೆ ಹಳೇ ಪಟ್ಟಿ ಬಳಸಿದ್ದರು, ಸರಿಯಾಗಿತ್ತು. ಕೊನೆಯದರಲ್ಲಿ ವರ್ಷಪೂರ್ತಿಯ ಸಂಬಳದ ವಿವರವನ್ನೂ ಕೊಡಬೇಕು, ಹಾಗಾಗಿ ಹೊಸ ಪಟ್ಟಿ ಮಾಡಿದ್ದರು. ಹೊಸ ಪಟ್ಟಿಯಲ್ಲಿ ಪ್ಯಾನ್ ಇರಲಿಲ್ಲ. ಹಳೇ ಪಟ್ಟಿಯಿಂದ ಹೆಸರು ನೋಡಿ ಪ್ಯಾನ್ ಎಳೆದುಕೊಳ್ಳಲು ಎಕ್ಸೆಲ್‌ನಲ್ಲಿ ವಿ-ಲುಕಪ್ ಹಾಕಿದ್ದರು. ವಿ-ಲುಕಪ್‌ಗೆ ಒಂದು ಗುಣ ಇದೆ. ಒಂದೇ ಹೆಸರು ಎರಡು ಸಲ ಇದ್ದರೆ ಅದು ಮೊದಲು ಸಿಕ್ಕಿದ್ದನ್ನೇ ಎರಡಕ್ಕೂ ಕೊಡುತ್ತದೆ. ಎರಡನೆಯದನ್ನು ನೋಡುವುದೇ ಇಲ್ಲ. ಹೆಸರಿನ ಬದಲು ಕೆಜಿಐಡಿ ಸಂಖ್ಯೆ ಕೊಟ್ಟು ಹುಡುಕಿಸಿದ್ದರೆ ಈ ತಾಪತ್ರಯವೇ ಇರಲಿಲ್ಲ. ಪ್ಯಾನ್‌ನ ಅಂಕಿ ತಪ್ಪಾಗಿದ್ದರೆ, ಇಂಥ ಪ್ಯಾನ್ ಇಲ್ಲ ಅಂತ ಟ್ರೇಸಸ್ ಕಚೇರಿಗೇ ತಗಾದೆ ಕಳಿಸುತ್ತಿತ್ತು. ಇದು ಸರಿಯಾದ ಪ್ಯಾನ್, ಆದರೆ ಬೇರೆಯವರದ್ದು. ಹಾಗಾಗಿ ಯಾವ ಜರಡಿಯಲ್ಲೂ ಸಿಕ್ಕಿಬೀಳಲಿಲ್ಲ.

ನನ್ನ ಹೆಸರಿನವರಿಗೆ ಫೋನ್ ಮಾಡಿದೆ. ಅವರು ನನಗಿಂತ ಹಿರಿಯರು, ಅಕ್ಕ ಅಂತಲೇ ಕರೆಯುತ್ತೇನೆ. "ಅಯ್ಯೋ, ಅದಾ ವಿಷ್ಯ! ನನ್ನ ಮಗ ಹೇಳ್ತಿದ್ದ, ಅಮ್ಮ ನಿನಗೆ ಎಐಎಸ್‌ನಲ್ಲಿ ಸಂಬಳ ಜಾಸ್ತಿ ತೋರಿಸ್ತಿದೆ ಅಂತ. ನಾನು ಬಿಡೋ ಅಂತ ಸುಮ್ನಾದೆ" ಅಂದರು. ಎಐಎಸ್ ಅಂದರೆ ನಮ್ಮ ಪ್ಯಾನ್ ಹೆಸರಿನಲ್ಲಿ ಇಲಾಖೆ ಸೇರಿಸಿಟ್ಟ ಆದಾಯದ ವಿವರ. ಅವರೂ ರಿಟರ್ನ್ ಹಾಕಿದ್ದು ಫಾರಂ 16 ನೋಡಿಯೇ, ಹಾಗಾಗಿ ನನ್ನ 18,780 ಅನ್ನು ಅವರು ಪಡೆದಿರಲಿಲ್ಲ. ಪಡೆದು ರಿಫಂಡ್ ಬಂದುಬಿಟ್ಟಿದ್ದರೆ ಇಬ್ಬರಿಗೂ ಇನ್ನೂ ದೊಡ್ಡ ತಲೆನೋವು ಆಗುತ್ತಿತ್ತು. ಆದರೆ ಅವರಿಗೂ ಅಪಾಯ ಇಲ್ಲದೆ ಇರಲಿಲ್ಲ. ನನ್ನ ಮೂರು ತಿಂಗಳ ಸಂಬಳವೂ ಅವರ ಪ್ಯಾನ್‌ಗೆ ಸೇರಿತ್ತಲ್ಲ, ಆದಾಯ ಮುಚ್ಚಿಟ್ಟಿದ್ದೀರಿ ಅಂತ ನಾಳೆ ಅವರನ್ನೇ ಕೇಳಬಹುದಿತ್ತು. ಎಐಎಸ್‌ನಲ್ಲಿ ಪ್ರತಿ ನಮೂದಿಗೂ ಅಭಿಪ್ರಾಯ ಕೊಡುವ ಅವಕಾಶ ಇದೆ. 'ಈ ಮಾಹಿತಿ ಬೇರೆ ಪ್ಯಾನ್ ಅಥವಾ ಬೇರೆ ವರ್ಷಕ್ಕೆ ಸೇರಿದ್ದು' ಎಂಬ ಆಯ್ಕೆ ಅಲ್ಲೇ ಇದೆ. ಅವರ ಮಗನಿಗೆ ಹೇಳಿ ಅದನ್ನು ಹಾಕಿಸಿದೆವು. ಅದರ ಪ್ರತಿ ನನಗೂ ಒಳ್ಳೆಯ ಸಾಕ್ಷಿಯಾಯಿತು.

ಇಬ್ಬರೂ ಸೇರಿ ಬೇರೆ ಬೇರೆ ಮನವಿ ಬರೆದೆವು. ಬಾಯಲ್ಲಿ ಹೇಳಿದ್ದು ಕಚೇರಿಯಲ್ಲಿ ಹೇಳಿದಂತೆ ಅಲ್ಲ. ಪೇ ಸ್ಲಿಪ್, 26ಎಎಸ್, ಇಂಟಿಮೇಶನ್, ಆ ಎಕ್ಸೆಲ್‌ನ ನಮ್ಮಿಬ್ಬರ ಸಾಲು, ಎಲ್ಲಾ ಲಗತ್ತಿಸಿ ಟಪಾಲಿನಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಕೇಳಿದ್ದು ಒಂದೇ ವಾಕ್ಯ: 2022-23ನೇ ಸಾಲಿನ ನಾಲ್ಕನೇ ತ್ರೈಮಾಸಿಕದ 24ಕ್ಯೂಗೆ ತಿದ್ದುಪಡಿ ಸ್ಟೇಟ್‌ಮೆಂಟ್ ಸಲ್ಲಿಸಿ ಈ ಸಾಲಿನ ಪ್ಯಾನ್ ಬದಲಿಸಿಕೊಡಬೇಕು.

ಅಷ್ಟರಲ್ಲಿ ಇಲಾಖೆಯ 30 ದಿನ ಓಡುತ್ತಿತ್ತು. ಪೋರ್ಟಲ್‌ನಲ್ಲಿ ಪೆಂಡಿಂಗ್ ಆಕ್ಷನ್ಸ್ ಒಳಗೆ 'ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್' ಅಂತ ಇದೆ. ಅಲ್ಲಿ ಡಿಮ್ಯಾಂಡ್, ಅಂದರೆ ಕಟ್ಟಿ ಎಂದು ಕೇಳಿದ ಬಾಕಿ, ಸರಿ ಇದೆ ಅಥವಾ ಒಪ್ಪುವುದಿಲ್ಲ ಅಂತ ಹೇಳಬೇಕು. ಸರಿ ಇದೆ ಅಂತ ಒಮ್ಮೆ ಒತ್ತಿದರೆ ಆಮೇಲೆ ಒಪ್ಪುವುದಿಲ್ಲ ಅನ್ನುವಂತಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ನಾನು ಪೂರ್ತಿ ಒಪ್ಪುವುದಿಲ್ಲ ಅಂತ ಹಾಕಿ, ಕಾರಣ ಬರೆದು, ಪೇ ಸ್ಲಿಪ್ ಮತ್ತು ಕಚೇರಿಯ ಸ್ವೀಕೃತಿ ಪ್ರತಿ ಸೇರಿಸಿದೆ.

ಕಾರಣದಲ್ಲಿ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಬರೆದೆ. ಮೂಲದಲ್ಲೇ ತೆರಿಗೆ ಕಡಿತವಾಗಿದ್ದರೆ, ಕಡಿತವಾದಷ್ಟು ಮೊತ್ತವನ್ನು ಆ ವ್ಯಕ್ತಿಯಿಂದ ಮತ್ತೆ ಕೇಳುವಂತಿಲ್ಲ ಎನ್ನುತ್ತದೆ ಅದು. ಇಷ್ಟು ಸ್ಪಷ್ಟವಾದ ಮಾತು ಕಾನೂನಿನಲ್ಲಿ ಇದೆ ಅಂತ ನನಗೆ ಆವರೆಗೂ ಗೊತ್ತಿರಲಿಲ್ಲ. ಜೊತೆಗೆ 2013ರಲ್ಲಿ ದೆಹಲಿ ಹೈಕೋರ್ಟ್ ಇಂಥದ್ದೇ ತೊಂದರೆಗಳ ಬಗ್ಗೆ ತೀರ್ಪು ಕೊಟ್ಟಿತ್ತು. ತೆರಿಗೆ ಹಿಡಿದವರ ತಪ್ಪಿಗೆ ತೆರಿಗೆದಾರರು ಒದ್ದಾಡಬಾರದು ಎಂಬುದು ಅದರ ಸಾರ. ಅದಾದ ಮೇಲೆ ನೇರ ತೆರಿಗೆ ಮಂಡಳಿ ಅದೇ ವರ್ಷ ಜುಲೈನಲ್ಲಿ 5ನೇ ಸಂಖ್ಯೆಯ ಸೂಚನೆ ಹೊರಡಿಸಿತು. ತೆರಿಗೆದಾರರು ಟಿಡಿಎಸ್ ಪ್ರಮಾಣಪತ್ರ ತಂದು ಕೊಟ್ಟರೆ, ಹಣ ಸರ್ಕಾರಕ್ಕೆ ಬಂದಿದೆಯಾ ಅಂತ ಅಧಿಕಾರಿ ಪರಿಶೀಲಿಸಿ, ಬಂದಿದ್ದರೆ ಕ್ರೆಡಿಟ್ ಕೊಡಬೇಕು ಅಂತ. ಇದನ್ನೂ ಬರೆದೆ.

ಈಗ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್, ಫಾರಂ ಸಂಖ್ಯೆಗಳೆಲ್ಲ ಬದಲಾಗಿವೆ. ಹಳೇ ವರ್ಷಗಳ ಡಿಮ್ಯಾಂಡ್‌ಗೆ ಹಳೇ ಸಂಖ್ಯೆಗಳೇ.

ಸೂಚನೆಯ ಪ್ರತಿ ಹಿಡಿದುಕೊಂಡು ಜಿಲ್ಲಾ ಕೇಂದ್ರದ ಆದಾಯ ತೆರಿಗೆ ಅಧಿಕಾರಿಯನ್ನೂ ನೋಡಿ ಬಂದೆ. ನಮ್ಮ ಪ್ಯಾನ್ ಯಾವ ವಾರ್ಡಿಗೆ ಸೇರಿದೆ ಅಂತ ಪೋರ್ಟಲ್‌ನಲ್ಲೇ ಗೊತ್ತಾಗುತ್ತದೆ. ಹೆದರಿಕೊಂಡೇ ಹೋಗಿದ್ದೆ. ಅವರು ಕೂರಿಸಿ ಮಾತಾಡಿದರು. "ನೀವು ಹೇಳೋದು ಕಾನೂನು ಪ್ರಕಾರ ಸರಿ ಮೇಡಂ. ಆದ್ರೆ ಈ ಡಿಮ್ಯಾಂಡ್ ಸಿಪಿಸಿ ಹತ್ರ ಇದೆ. ಅದನ್ನ ನಮಗೆ ವರ್ಗಾಯಿಸಿಕೊಂಡು, ನಿಮ್ಮ ಖಜಾನೆಗೆ ಪತ್ರ ಬರೆದು, ಅವರು ಉತ್ತರ ಕೊಟ್ಟು... ಅದಕ್ಕಿಂತ ನಿಮ್ಮ ಆಫೀಸಿನವರ ಕೈಲಿ ಕರೆಕ್ಷನ್ ಹಾಕಿಸಿ. ಅದೇ ಹತ್ತಿರದ ದಾರಿ" ಅಂದರು. ಅರ್ಜಿ ತಗೊಂಡು ಸೀಲು ಹಾಕಿಕೊಟ್ಟರು.

ಅವರು ಹೇಳಿದ್ದು ನಿಜ. ಕಾನೂನು ನನ್ನ ಪರ ಇದ್ದರೂ ಲೆಕ್ಕ ಹಾಕುವುದು 26ಎಎಸ್ ನೋಡಿ. 26ಎಎಸ್ ಬದಲಾಗುವುದು 24ಕ್ಯೂ ತಿದ್ದಿದರೆ. 24ಕ್ಯೂ ತಿದ್ದಲು ಆಗುವುದು ಅದನ್ನು ಹಾಕಿದ ಕಚೇರಿಗೆ ಮಾತ್ರ. ತೆರಿಗೆ ನನ್ನದು, ಡಿಮ್ಯಾಂಡ್ ನನ್ನದು, ಬಡ್ಡಿ ನನ್ನದು, ಆದರೆ ಆ ಒಂದು ಸಾಲನ್ನು ಮುಟ್ಟುವ ಅಧಿಕಾರ ನನಗಿಲ್ಲ. ನನ್ನ ಪ್ರಕಾರ ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ. ತಪ್ಪು ಮಾಡಿದವರಿಗೆ ಅದರ ಬಿಸಿ ತಟ್ಟುವುದಿಲ್ಲ, ಬಿಸಿ ತಟ್ಟಿದವರಿಗೆ ತಿದ್ದಲು ಬರುವುದಿಲ್ಲ.

ಇನ್ನೊಂದು ಮಾತು. ರೆಕ್ಟಿಫಿಕೇಶನ್ (ಆದೇಶದ ತಪ್ಪು ತಿದ್ದಿ ಎನ್ನುವ) ಅರ್ಜಿ ಹಾಕಿ, ಹಾಕಿ ಅಂತ ಎಲ್ಲರೂ ಹೇಳುತ್ತಾರೆ. 154ನೇ ಸೆಕ್ಷನ್ ಅಡಿ ಅದನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಆದರೆ 26ಎಎಸ್ ಸರಿಯಾಗುವ ಮೊದಲು ಹಾಕಿದರೆ ಅದೇ ಯಂತ್ರ ಅದೇ ದಾಖಲೆ ನೋಡಿ ಅದೇ 21,220 ತೆಗೆದು ಕೊಡುತ್ತದೆ. ಸಮಯ ಬೇಕಾದಷ್ಟಿದೆ. ಆದೇಶ ಬಂದ ಆರ್ಥಿಕ ವರ್ಷ ಮುಗಿದ ಮೇಲೆ ನಾಲ್ಕು ವರ್ಷದವರೆಗೆ ಅವಕಾಶ. ಹಾಗಾಗಿ ನಾನು ಕಾಯುವುದು ಅಂತ ತೀರ್ಮಾನಿಸಿದೆ.

ಕಾದದ್ದೇ ಬಂತು. ಜನವರಿ ಹೊತ್ತಿಗೆ ನಮ್ಮ ಕಚೇರಿಯ ಅಧಿಕಾರಿ ವರ್ಗವಾದರು. ಬಂದವರು ಪ್ರಭಾರ. ತಿದ್ದುಪಡಿಗೆ ಟ್ರೇಸಸ್‌ನಿಂದ ಹಳೇ ಸ್ಟೇಟ್‌ಮೆಂಟ್‌ನ ಪೂರ್ತಿ ವಿವರ ಇರುವ ಕಾನ್ಸೋ ಫೈಲ್ ಇಳಿಸಿಕೊಳ್ಳಬೇಕು. ಅದಕ್ಕೆ ಲಾಗಿನ್ ಬೇಕು. ಲಾಗಿನ್ ಹಳೇ ಅಧಿಕಾರಿಯ ಮೊಬೈಲ್‌ಗೆ ಜೋಡಿಸಿತ್ತು. ಪ್ಯಾನ್ ಬದಲಿಸುವುದನ್ನು ಟ್ರೇಸಸ್‌ನಲ್ಲೇ ಮಾಡೋಣ ಅಂದರೆ ಡಿಜಿಟಲ್ ಸಹಿ ಬೇಕು. ಅದೂ ಹಳೇ ಅಧಿಕಾರಿಯ ಹೆಸರಿನಲ್ಲಿ. ಪ್ರಭಾರ ಅಧಿಕಾರಿಗೆ ತಮ್ಮ ಹೆಸರಲ್ಲಿ ಇದನ್ನೆಲ್ಲ ಮಾಡಿಸಿಕೊಳ್ಳುವ ಮನಸ್ಸಿಲ್ಲ. ಇನ್ನೆರಡು ತಿಂಗಳಿಗೆ ಕಾಯಂ ಅಧಿಕಾರಿ ಬರುತ್ತಾರೆ, ಅವರೇ ಮಾಡಲಿ ಎಂಬ ಲೆಕ್ಕ. ಆಮೇಲೆ ಲೋಕಸಭಾ ಚುನಾವಣೆ ಬಂತು. ಕರ್ನಾಟಕದಲ್ಲಿ ಏಪ್ರಿಲ್ 26 ಮತ್ತು ಮೇ 7ಕ್ಕೆ ಮತದಾನ. ಕಚೇರಿಯವರೂ ಡ್ಯೂಟಿ, ನಾವೂ ಡ್ಯೂಟಿ. ಯಾರನ್ನು ಕೇಳುವುದು?

ಈ ನಡುವೆ ಆಡಿಟರ್ ಕಡೆಯಿಂದ ಒಂದು ಮಾತು ಬಂತು. ಕರೆಕ್ಷನ್‌ಗೆ ಬೇರೆ ಫೀಸ್ ಆಗುತ್ತದೆ, ಕಚೇರಿಯಲ್ಲಿ ಅದಕ್ಕೆ ಅನುದಾನ ಇಲ್ಲ, ಮೇಡಂನವರು ಕೊಟ್ಟರೆ ಬೇಗ ಮಾಡುತ್ತೇವೆ ಅಂತ. "ಹೋಗ್ಲಿ ಬಿಡೇ, ಇಬ್ರೂ ಅರ್ಧ ಅರ್ಧ ಹಾಕಿ ಕೊಟ್ಬಿಡೋಣ" ಅಂದರು ಅಕ್ಕ. ನನಗೆ ಒಪ್ಪಿಗೆಯಾಗಲಿಲ್ಲ. ಅವರ ಎಕ್ಸೆಲ್ ತಪ್ಪಿಗೆ ನಾವು ಫೀಸ್ ಕೊಡುವುದೆಂದರೆ? ದುಡ್ಡು ಚಿಕ್ಕದು, ಆದರೆ ಮುಂದಿನ ವರ್ಷ ಇನ್ಯಾರದ್ದೋ ಸಾಲು ತಪ್ಪಿದಾಗ ಇದೇ ಪದ್ಧತಿಯಾಗುತ್ತದೆ.

ಹಣದ ಬದಲು ಎರಡನೇ ಪತ್ರ ಕೊಟ್ಟೆ. ಮೊದಲನೆಯದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಕೊನೆಯಲ್ಲಿ 271ಎಚ್ ಸೆಕ್ಷನ್ ಉಲ್ಲೇಖಿಸಿದ್ದೆ. ಟಿಡಿಎಸ್ ಸ್ಟೇಟ್‌ಮೆಂಟ್‌ನಲ್ಲಿ ತಪ್ಪು ಮಾಹಿತಿ ಕೊಟ್ಟರೆ 10,000ದಿಂದ 1,00,000 ರೂಪಾಯಿವರೆಗೆ ದಂಡ ಹಾಕಬಹುದು ಎನ್ನುವ ಸೆಕ್ಷನ್ ಅದು. ಬೆದರಿಕೆಯಂತೆ ಬರೆಯಲಿಲ್ಲ. 'ಸದರಿ ಸೆಕ್ಷನ್ ಕಡೆಗೆ ತಮ್ಮ ಗಮನ ಸೆಳೆಯಲು ಇಚ್ಛಿಸುತ್ತೇನೆ' ಅಂತ ಕಚೇರಿ ಭಾಷೆಯಲ್ಲೇ ಬರೆದೆ. ಪ್ರತಿಯನ್ನು ಆದಾಯ ತೆರಿಗೆ ಅಧಿಕಾರಿಗೂ ಹಾಕಿದೆ. ಆರು ತಿಂಗಳಿಂದ ಅಲ್ಲಾಡದ ಕಡತಕ್ಕೆ ಆ ವಾರವೇ ಕಾಲು ಬಂತು. ಅಷ್ಟೊತ್ತಿಗೆ ಕಾಯಂ ಅಧಿಕಾರಿಯೂ ಬಂದಿದ್ದರು. ಅವರು ಎರಡೂ ಮನವಿ ಓದಿ, ಆಡಿಟರ್‌ಗೆ ನಮ್ಮೆದುರೇ ಫೋನ್ ಮಾಡಿ, "ಫೀಸ್ ಮಾತು ಎತ್ತಬೇಡಿ, ನಿಮ್ಮ ತಪ್ಪು ನೀವು ಸರಿ ಮಾಡಿ" ಅಂದರು. ಕೇಸ್ ವರ್ಕರ್ ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಪಾಪ, ಅವರಿಗೂ ಇದು ಮುಗಿದರೆ ಸಾಕಾಗಿತ್ತು.

ಜೂನ್‌ನಲ್ಲಿ ಹೊಸ ಅಧಿಕಾರಿಯ ಹೆಸರಿನಲ್ಲಿ ಟ್ರೇಸಸ್ ವಿವರ ಬದಲಾಯಿತು, ಡಿಜಿಟಲ್ ಸಹಿ ಬಂತು, ತಿದ್ದುಪಡಿ ಸ್ಟೇಟ್‌ಮೆಂಟ್ ಹೋಯಿತು. ಅದರ ಟೋಕನ್ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಂಡೆ. ಆಮೇಲೆ ದಿನವೂ ರಾತ್ರಿ 26ಎಎಸ್ ತೆರೆದು ನೋಡುವುದು ಅಭ್ಯಾಸವಾಗಿಬಿಟ್ಟಿತು. ಒಂದು ದಿನ ನೋಡಿದರೆ ಜನವರಿ-ಮಾರ್ಚ್ ಜಾಗದಲ್ಲಿ ನಮೂದು ಬಂದಿತ್ತು. ಎಲ್ಲದರ ಎದುರೂ ಎಫ್ ಅಂತ ಇತ್ತು. ಎಫ್ ಇದ್ದರೆ ಹಣ ಜಮೆಯಾಗಿರುವುದು ತಾಳೆಯಾಗಿದೆ ಎಂದರ್ಥ. ಒಟ್ಟು 45,780. ಅಕ್ಕನ ಮಗನಿಗೆ ಫೋನ್ ಮಾಡಿ ಕೇಳಿದೆ, ಅವರ ಪ್ಯಾನ್‌ನಿಂದ ಅದು ಹೋಗಿತ್ತು.

ಆಗ ರೆಕ್ಟಿಫಿಕೇಶನ್ ಹಾಕಿದೆ. ಅದರಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ರಿಟರ್ನ್‌ನಲ್ಲಿ ನಾವು ಬರೆದದ್ದೇ ತಪ್ಪಿದ್ದರೆ ಡೇಟಾ ತಿದ್ದುವುದು, ಟಿಡಿಎಸ್ ವಿವರದ ನಮೂದು ಬದಲಿಸಬೇಕಿದ್ದರೆ ಟ್ಯಾಕ್ಸ್ ಕ್ರೆಡಿಟ್ ಮಿಸ್‌ಮ್ಯಾಚ್. ನನ್ನ ರಿಟರ್ನ್‌ನಲ್ಲಿ ಒಂದಕ್ಷರವೂ ಬದಲಾಗಬೇಕಿರಲಿಲ್ಲ. ಹಾಗಾಗಿ 'ರೀಪ್ರೊಸೆಸ್ ದಿ ರಿಟರ್ನ್' ಆರಿಸಿದೆ. ಬರೆಯುವುದು ಏನೂ ಇಲ್ಲ, ಒತ್ತಿ ಇ-ವೆರಿಫೈ ಮಾಡಿದರೆ ಆಯಿತು. ಅರ್ಜಿ ಬಂದ ತಿಂಗಳು ಮುಗಿದ ಮೇಲೆ ಆರು ತಿಂಗಳೊಳಗೆ ಅವರು ತೀರ್ಮಾನಿಸಬೇಕು.

ಅದು ಬಾಕಿ ಇರುವಾಗಲೇ ಇನ್ನೊಂದು ಕಿರಿಕಿರಿ. ಮುಂದಿನ ವರ್ಷದ ರಿಟರ್ನ್‌ನಲ್ಲಿ ನನಗೆ 2,640 ರಿಫಂಡ್ ಬರಬೇಕಿತ್ತು. ಹಳೇ ಬಾಕಿಗೆ ಅದನ್ನು ಹೊಂದಿಸಿಕೊಳ್ಳುತ್ತೇವೆ, ಹೇಳುವುದಿದ್ದರೆ 21 ದಿನದಲ್ಲಿ ಹೇಳಿ ಅಂತ 245ನೇ ಸೆಕ್ಷನ್ ಅಡಿ ಪತ್ರ ಬಂತು. ಇದಕ್ಕೆ ಉತ್ತರ ಕೊಡದಿದ್ದರೆ ಒಪ್ಪಿದಂತೆ ಅಂತ ಹಿಡಿದುಕೊಳ್ಳುತ್ತಾರೆ. ಒಪ್ಪುವುದಿಲ್ಲ, 26ಎಎಸ್ ಸರಿಯಾಗಿದೆ, ರೆಕ್ಟಿಫಿಕೇಶನ್ ಬಾಕಿ ಇದೆ ಅಂತ ಅದರ ಸಂಖ್ಯೆ ಸಮೇತ ಬರೆದೆ.

ಸೆಪ್ಟೆಂಬರ್‌ನಲ್ಲಿ 154ರ ಆದೇಶ ಬಂತು. ಅದೇ ಎರಡು ಕಾಲಂ, ಅದೇ ಪಾಸ್‌ವರ್ಡ್. ಟಿಡಿಎಸ್ 45,780. 234ಬಿ ಸೊನ್ನೆ, 234ಸಿ ಸೊನ್ನೆ, ಕಟ್ಟಬೇಕಾದದ್ದು ಸೊನ್ನೆ. ಮೂಲ ಡಿಮ್ಯಾಂಡೇ ಹೋದಮೇಲೆ ತಿಂಗಳಿಗೆ ಶೇ. 1ರ ಬಡ್ಡಿಗೂ ಜಾಗ ಉಳಿಯಲಿಲ್ಲ. 2,640 ಸ್ವಲ್ಪ ದಿನಕ್ಕೆ ಬ್ಯಾಂಕಿಗೆ ಬಂತು. ಡಿಮ್ಯಾಂಡ್ ಪುಟದಿಂದ ಆ ಸಾಲು ಹೋಗಿದೆಯಾ ಅಂತಲೂ ನೋಡಿಕೊಂಡೆ. ಆದೇಶ ಬಂದರೂ ಕೆಲವೊಮ್ಮೆ ಅಲ್ಲಿ ಹಾಗೇ ಕೂತಿರುತ್ತದಂತೆ. ನನ್ನದು ಹೋಗಿತ್ತು.

ಈಗ ನಮ್ಮ ಕಚೇರಿಯಿಂದ ಆಡಿಟರ್‌ಗೆ ಹೋಗುವ ಎಕ್ಸೆಲ್‌ನಲ್ಲಿ ಕೆಜಿಐಡಿ ಸಂಖ್ಯೆಯ ಕಾಲಂ ಸೇರಿದೆ. ಫಾರಂ 16 ಮಾತ್ರ ಮೊದಲಿನಂತೆಯೇ ಟೈಪ್ ಮಾಡಿ ಕೊಡುತ್ತಾರೆ. ಈ ಸಲ ನಾನು, ಅಕ್ಕ ಇಬ್ಬರೂ ಟ್ರೇಸಸ್‌ನದ್ದೇ ಬೇಕು ಅಂತ ಬರೆದುಕೊಟ್ಟೆವು. ಕೇಸ್ ವರ್ಕರ್ ಗೊಣಗಿಕೊಂಡೇ ತೆಗೆದುಕೊಟ್ಟರು, ಆದರೆ ಅಕ್ಕನದನ್ನು ನನ್ನ ಕೈಗೆ, ನನ್ನದನ್ನು ಅಕ್ಕನ ಕೈಗೆ.